ಸಾಬಿರಾ ಮೇಡಂ ನೋಡದ ಹೂವು

ಗಿಡಕ್ಕೆ ನೀರು ಹಾಕಿದವರು ಯಾರೆಂದು ಗೊತ್ತಾದರೆ ಅವರಿಗೆ ಆ ದಿನ ಊಟವಿಲ್ಲ ಎಂದು ಸಾಬಿರಾ ಬುಧವಾರ ಬೆಳಿಗ್ಗೆ ತಿಂಡಿಯ ಟೇಬಲ್ಲಿನ ಮುಂದೆ ನಿಂತು ಘೋಷಿಸಿದರು. ಮನೆಯಲ್ಲಿ ಉರ್ದು ಮಾತಾಡುವ ಆಕೆ ಜಗಳಕ್ಕೆ ಮಾತ್ರ ಕನ್ನಡ ಬಳಸುವುದು ವಾಡಿಕೆ. ಮೈಸೂರಿನ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡದಲ್ಲೇ ಸಸ್ಯಶಾಸ್ತ್ರ ಹೇಳಿಕೊಟ್ಟು, ಕನ್ನಡದಲ್ಲೇ ಹುಡುಗರನ್ನು ಕ್ಲಾಸಿನಿಂದ ಹೊರಗಟ್ಟಿ ಪಳಗಿದ ಗಂಟಲು ಅದು. ಹಾಗಾಗಿ ಕನ್ನಡ ಶುರುವಾದೊಡನೆ ಮಗ ಹಸೀಬ್ ಲ್ಯಾಪ್‌ಟಾಪ್ ಮುಚ್ಚಿದ, ಸೊಸೆ ವಜೀಹಾ ಒಲೆ ಆರಿಸಿದಳು, ಒಂಬತ್ತು ವರ್ಷದ ಮೊಮ್ಮಗಳು ಲೈಬಾ ಚಮಚ ಕೆಳಗಿಟ್ಟಳು. ಗಂಡ ಪೀರ್ ಪಾಷಾ ಮಾತ್ರ ಉಪ್ಪಿಟ್ಟು ತಿನ್ನುತ್ತಲೇ ಇದ್ದರು. ಈ ವಿಷಯಕ್ಕೂ ತಮಗೂ ಸಂಬಂಧವಿದೆಯೆಂದು ಅವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

"ಎಲೆ ಹಳದಿ ಆಗ್ತಿದೆ. ಮಣ್ಣು ಮುಟ್ಟಿದ್ರೆ ತಣ್ಣಗಿದೆ. ಮಳೆ ಬಂದು ಹತ್ತು ದಿನ ಆಯ್ತು. ಯಾರು ಹಾಕಿದ್ದು? ಹಸೀಬ್?"

"ಅಮ್ಮಿ, ನನಗೆ ನೀರು ಕುಡಿಯೋಕೇ ಟೈಮ್ ಇಲ್ಲ. ಬ್ಯಾಕ್ ಟು ಬ್ಯಾಕ್ ಮೀಟಿಂಗ್ಸ್."

"ವಜೀಹಾ?"

"ಸ್ಪ್ರಿಂಕ್ಲರ್ ಆ ಕಡೆ ಬರ್ದಿರೋ ಹಾಗೆ ನೀವೇ ಟರ್ನ್ ಮಾಡಿಸಿದ್ರಲ್ಲ ಅಮ್ಮಿ."

"ಲೈಬಾ?"

"ನಾಟ್ ಮಿ, ದಾದಿ. ನಾನು ಆ ಗಿಡ ನೋಡೋದೂ ಇಲ್ಲ. ಇಟ್ಸ್ ಸೋ ಬೋರಿಂಗ್."

ಗಂಡನನ್ನು ಮೇಡಂ ಕೇಳಲೇ ಇಲ್ಲ. ಅವರಿಗೂ ಗಿಡಮರಗಳಿಗೂ ನಲವತ್ತು ವರ್ಷದಿಂದ ಯಾವ ವ್ಯವಹಾರವೂ ಇರಲಿಲ್ಲ. ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದ ಮನುಷ್ಯ. ಮರವೆಂದರೆ ಅದರಡಿಯಲ್ಲಿ ಬಸ್ ನಿಲ್ಲಿಸಬಹುದೋ ಇಲ್ಲವೋ ಎನ್ನುವಷ್ಟೇ ಅವರ ಆಸಕ್ತಿ.

ಗಿಡವೇನೋ ಲೈಬಾ ಹೇಳಿದ ಹಾಗೇ ಇತ್ತು. ಅರಿಜೋನಾದ ಬೆಟ್ಟದ ಬಿರುಕುಗಳಲ್ಲಿ, ಮರಳಿನ ಒಣ ಇಳಿಜಾರಿನಲ್ಲಿ ಬೆಳೆಯುವ ಪೆನ್‌ಸ್ಟೆಮನ್. ಪಟಾಕಿಯ ಸರದಂತೆ ಕೆಂಪು ಕೊಳವೆ ಹೂಗಳನ್ನು ಉದ್ದನೆಯ ಕಡ್ಡಿಗೆ ನೇತುಹಾಕಿಕೊಳ್ಳುವ ಜಾತಿ. ಅದಕ್ಕೆ ವಾಸನೆ ಇಲ್ಲ, ಜೇನುನೊಣದ ಹಂಗಿಲ್ಲ. ಸೂಜಿಯಂಥ ಕೊಕ್ಕಿನ ಹಮ್ಮಿಂಗ್‌ಬರ್ಡ್ ಬಂದು ತಲೆ ತೂರಿಸಿದರೆ ಹಣೆಗೆ ಪರಾಗ ಬಳಿದು ಕಳಿಸುತ್ತದೆ. ಮಗನ ಮನೆಯಿರುವ ಉತ್ತರ ಕ್ಯಾರೊಲಿನಾದ ಜಿಗುಟು ಕೆಂಪು ಮಣ್ಣು, ಬೆವರಿಳಿಸುವ ಸೆಕೆ, ವಾರಕ್ಕೆರಡು ಮಳೆ ಇದಕ್ಕೆ ಆಗಿಬರುವುದಿಲ್ಲ. ಆದರೂ ಮೇಡಂ ಬೀಜ ತರಿಸಿ, ಹಿತ್ತಿಲ ಮೂಲೆಯಲ್ಲಿ ಏಳು ಮೂಟೆ ಜಲ್ಲಿ ಸುರಿಸಿ, ಎರಡು ವರ್ಷ ಕಾದಿದ್ದರು. ಬಡಾವಣೆಯ ಸಂಘದವರು ಕಟ್ಟಡದ ಅವಶೇಷ ತೆರವು ಮಾಡಿ ಎಂದು ಕಾಗದ ಕಳಿಸಿದ್ದಕ್ಕೆ, ಇದು ಅವಶೇಷವಲ್ಲ, ಮರುಭೂಮಿ ಎಂದು ಎರಡು ಪುಟದ ಉತ್ತರ ಬರೆದಿದ್ದರು. ಈ ಜೂನಿನಲ್ಲಿ ಕೊನೆಗೂ ಒಂದು ಕಡ್ಡಿ ಮೇಲೆದ್ದು ಹದಿನಾಲ್ಕು ಮೊಗ್ಗು ಕಟ್ಟಿತ್ತು. ಅಷ್ಟರಲ್ಲಿ ಎಲೆ ಹಳದಿ.

ಮೇಡಂ ಅಷ್ಟು ಸಂಕಟಪಟ್ಟಿದ್ದಕ್ಕೆ ಕಾರಣ ಭಾನುವಾರ ಬರಲಿದ್ದ ನಮ್ರತಾ. ಅವಳು ಮೈಸೂರಿನಲ್ಲಿ ಮೇಡಂ ಶಿಷ್ಯೆ. ಈಗ ಷಾರ್ಲೆಟ್ಟಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತ ಫೋರ್ಟ್ ಮಿಲ್‌ನಲ್ಲಿ ಮನೆ ಮಾಡಿದ್ದಳು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಮೇಡಂ ಅಮೆರಿಕದಲ್ಲಿದ್ದಾರೆಂದು ಪತ್ತೆ ಹಚ್ಚಿ, "ಮೇಡಂ, ನೀವು ತೊಂಬತ್ತೇಳರಲ್ಲಿ ಅರಿಜೋನಾ ಬೆಟ್ಟದಲ್ಲಿ ನೋಡಿದ್ರಲ್ಲ, ಆ ಹೂವಿನ ಕಥೆ ಕೇಳಿಯೇ ನಾನು ಬಾಟನಿ ತಗೊಂಡಿದ್ದು" ಎಂದು ಫೋನಿನಲ್ಲೇ ಗದ್ಗದಳಾಗಿದ್ದಳು. ಮೇಡಂ ಆ ಉಬ್ಬಿನಲ್ಲಿ, "ಇಲ್ಲೂ ಬೆಳೆಸಿದ್ದೀನಿ, ಬಾ, ಹಕ್ಕಿ ಬರೋದೂ ತೋರಿಸ್ತೀನಿ" ಎಂದುಬಿಟ್ಟಿದ್ದರು.

ಅಸಲಿಗೆ ಮೇಡಂ ತೊಂಬತ್ತೇಳರಲ್ಲಿ ಅರಿಜೋನಾ ನೋಡಿರಲಿಲ್ಲ. ಬೆಂಗಳೂರಿನ ಏರ್‌ಪೋರ್ಟನ್ನೂ ನೋಡಿರಲಿಲ್ಲ.

ನಡೆದದ್ದು ಇಷ್ಟು. ಪೀರ್ ಪಾಷಾರ ತಮ್ಮ ಶಾಹಬಾಜ್ ಆಗ ಫೀನಿಕ್ಸ್‌ನಲ್ಲಿದ್ದ. ಬೇಸಿಗೆ ರಜೆಗೆ ಅಣ್ಣ ಅತ್ತಿಗೆ ಬರಲೆಂದು ಕರೆದ, ವೀಸಾ ಆಯಿತು. ಮೇಡಂ ಕ್ಲಾಸಿನಲ್ಲಿ ಹಮ್ಮಿಂಗ್‌ಬರ್ಡ್ ಹೂವಿನ ಚಿತ್ರ ಬರೆದು, "ಈ ಸಲ ಕಣ್ಣಾರೆ ನೋಡಿ ಬರ್ತೀನಿ" ಎಂದು ಹೇಳಿ ಬೀಳ್ಕೊಡುಗೆಯನ್ನೂ ಮಾಡಿಸಿಕೊಂಡರು. ಹುಡುಗರು ಹಾರ ಹಾಕಿದರು. ಹೊರಡುವುದಕ್ಕೆ ವಾರವಿರುವಾಗ ಪೀರ್ ಪಾಷಾ ಡಿಪೋದಲ್ಲಿ ರಜೆ ಮಂಜೂರಾಗಲಿಲ್ಲ ಎಂದರು. ಪ್ರಯಾಣ ನಿಂತಿತು. ಜೂನಿನಲ್ಲಿ ಕಾಲೇಜು ತೆರೆದಾಗ ಎಂಬತ್ತು ಮುಖಗಳು ಒಟ್ಟಿಗೆ "ನೋಡಿದ್ರಾ ಮೇಡಂ?" ಎಂದು ಕೇಳಿದವು. ಹಾರ ಹಾಕಿಸಿಕೊಂಡ ಕುತ್ತಿಗೆ ಇಲ್ಲವೆಂದು ಅಲ್ಲಾಡಲಿಲ್ಲ. ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು ಎನ್ನುತ್ತಾರೆ. ಮೇಡಂ ವರ್ಷಕ್ಕೊಂದು ಬ್ಯಾಚಿಗೆ ಹೇಳಿ ಹೇಳಿ ಅದಕ್ಕೆ ಬಂಡೆ ಸೇರಿಸಿದರು, ಮೋಡ ಸೇರಿಸಿದರು, ಕಾಲು ಜಾರಿದ ಪ್ರಸಂಗವನ್ನೂ ಸೇರಿಸಿದರು. ಕಾಲೇಜಿನಲ್ಲಿ ಅದು ಪಠ್ಯದ ಭಾಗವೇ ಆಗಿಹೋಯಿತು.

ಈಗ ನಮ್ರತಾ ಮುಂದೆ ಆ ಹೂವು ಅರಳಿ, ಹಕ್ಕಿಯೊಂದು ಬಂದುಬಿಟ್ಟರೆ ತಮ್ಮ ಸುಳ್ಳು ಇಪ್ಪತ್ತಾರು ವರ್ಷ ತಡವಾಗಿಯಾದರೂ ನಿಜವಾದಂತೆ ಎಂಬುದು ಮೇಡಂ ಲೆಕ್ಕ. ಅರಳದಿದ್ದರೆ ಮಾತು ಬೆಳೆಯುತ್ತದೆ, ಆ ಬಂಡೆ ಎಲ್ಲಿತ್ತು ಎಂಬಲ್ಲಿಗೆ ಬರುತ್ತದೆ, ಮಾನ ಹೋಗುತ್ತದೆ.

ಅಂದು ಮಧ್ಯಾಹ್ನ ಪೀರ್ ಪಾಷಾ ಎಂದಿನಂತೆ ಹಿತ್ತಿಲಿನ ಪುಟ್ಟ ಸ್ಟೂಲಿನ ಮೇಲೆ ಕುಳಿತು, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಜೂ ಮಾಡುತ್ತಿದ್ದರು. ಒಳಗಿನ ಸಿಂಕಿಗೆ ಕಾಲೆತ್ತಿಡಲು ಮಂಡಿ ಒಪ್ಪುತ್ತಿರಲಿಲ್ಲ. ಕಾರ್ಪೆಟ್ ಒದ್ದೆಯಾದರೆ ವಜೀಹಾ ಬಾಯಲ್ಲಿ ಏನೂ ಹೇಳದೆ ಟವೆಲ್ ತಂದು ಹಾಸುತ್ತಿದ್ದಳು, ಅದು ಬೈಗುಳಕ್ಕಿಂತ ಕಷ್ಟ. ಹಾಗಾಗಿ ಚಳಿ ಕಳೆದ ಮೇಲೆ ಅವರು ಹೊರಗೇ ಶಿಫ್ಟಾಗಿದ್ದರು. ಮೈಸೂರಿನ ಮನೆಯಲ್ಲಿ ವುಜೂ ನೀರು ಮೆಹಂದಿ ಗಿಡಕ್ಕೆ ಹೋಗುತ್ತಿತ್ತು, ಒಂದು ಹನಿ ವ್ಯರ್ಥವಾಗುತ್ತಿರಲಿಲ್ಲ. ಇಲ್ಲಿ ಸ್ಟೂಲಿನಿಂದ ಇಳಿಜಾರು ಜಲ್ಲಿಯ ಕಡೆಗಿತ್ತು. ಮೇಲಾಗಿ ಕಲ್ಲಿನ ಮಧ್ಯೆ ಒಣಗಿ ನಿಂತ ಆ ಬಡಪಾಯಿಯನ್ನು ನೋಡಿ, ಬಾಯಾರಿದ ಜೀವಕ್ಕೆ ನೀರು ಕೊಟ್ಟರೆ ಸವಾಬು, ಪುಣ್ಯ ಬರುತ್ತದೆ ಎಂದು ಚೊಂಬಿನಲ್ಲಿ ಉಳಿದದ್ದನ್ನೂ ಅವರು ಅದರ ಬುಡಕ್ಕೇ ಸುರಿಯುತ್ತಿದ್ದರು. ದಿನಕ್ಕೆ ಐದು ಬಾರಿ. ಎರಡೂವರೆ ತಿಂಗಳು.

ಎಡಗಾಲು ತೊಳೆಯುತ್ತಿದ್ದಾಗ ನೀರು ಹರಿದುಹೋಗುವ ದಾರಿ ಅವರ ಕಣ್ಣಿಗೆ ಬಿತ್ತು. ಬೆಳಿಗ್ಗೆ ಹೆಂಡತಿ ಹೇಳಿದ ಗಿಡ ಇದೇ ಎಂದು ಹೊಳೆದು ಕಾಲು ಅಲ್ಲೇ ಗಾಳಿಯಲ್ಲಿ ನಿಂತಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವರು ಡಿಪೋದಲ್ಲಿ ಬಹಳ ಮಂದಿ ನೋಡಿದ್ದರು. ಆ ದಿನದಿಂದ ತಾವೇ ಅವರಾದರು. ಮರೆಯಲ್ಲಿ ಟಿಶ್ಯೂ ತಂದು ಜಲ್ಲಿ ಒತ್ತಿದರು. ಸೊಸೆಯ ಹೇರ್ ಡ್ರೈಯರ್‌ಗೆ ಉದ್ದನೆಯ ವೈರ್ ಜೋಡಿಸಿ ಗಿಡದ ಬುಡಕ್ಕೆ ಬಿಸಿಗಾಳಿ ಹಿಡಿದರು. ಶನಿವಾರ ಬೆಳಿಗ್ಗೆ, ಎಷ್ಟು ಒಣಗಿದೆ ನೋಡೋಣವೆಂದು ಕಡ್ಡಿಯನ್ನು ಮೆಲ್ಲಗೆ ಮುಟ್ಟಿದರೆ, ಗಿಡ ಹದಿನಾಲ್ಕು ಮೊಗ್ಗುಗಳ ಸಮೇತ ಕೈಗೇ ಬಂತು. ಬೇರು ಕಪ್ಪಗೆ ಕೊಳೆತು ಬೆಲ್ಲದ ಪಾಕದಂತಾಗಿತ್ತು. ಪೀರ್ ಪಾಷಾಗೆ ಅಳು ಬಂತು, ನಿಜವಾಗಿಯೂ ಬಂತು.

ಮೇಡಂ ಅಷ್ಟು ಹೊತ್ತಿಗೆ ಮರುದಿನದ ಬಿರಿಯಾನಿಗೆ ಮಾಂಸ ತರಲು ವಜೀಹಾ ಜೊತೆ ಹೊರಟಾಗಿತ್ತು. ಬೀಸೋ ದೊಣ್ಣೆ ತಪ್ಪಿಸಿಕೊಂಡ ಪೀರ್ ಪಾಷಾ ನೇರ ಎದುರುಮನೆಗೆ ಓಡಿದರು. ಅಲ್ಲಿ ವಿಜಯಪುರದ ಕಡೆಯ ಬಸವಂತಪ್ಪ, ನಿವೃತ್ತ ನೀರಾವರಿ ಎಂಜಿನಿಯರು.

"ಅಷ್ಟಕ್ಕ್ಯಾಕ ಗಾಬರಿ ಆಗ್ತೀರಿ ಪಾಷಾ ಸಾಹೇಬ್ರ? ಕಾರ್ ತಗೀತೀನಿ ಬರ್ರಿ. ನರ್ಸರ್‍ಯಾಗ ಬೇಕಾದಷ್ಟು ಕೆಂಪ ಹೂ ಅದಾವು. ಅದನ್ನ ತೆಗದು ಇದನ್ನ ನೆಡೂದು."

"ಅವಳು ಬಾಟನಿ ಲೆಕ್ಚರರ್ ರೀ."

"ಕೆಂಪ ಹೂ ಅಂದ್ರ ಕೆಂಪ ಹೂ. ಅದಕ್ಕೇನ್ ಆಧಾರ್ ಕಾರ್ಡ್ ಇರ್ತದೇನ್ರಿ?"

ಕಾರಿನಲ್ಲಿ ಪೀರ್ ಪಾಷಾ ಯಾರಿಗೂ ಹೇಳದ ಒಂದು ಮಾತನ್ನು ಬಸವಂತಪ್ಪನವರಿಗೆ ಹೇಳಿದರು. ಗಿಡ ಕೊಂದದ್ದು ಎರಡನೆಯ ತಪ್ಪು, ಮೊದಲನೆಯದು ತೊಂಬತ್ತೇಳರದ್ದು. ಆಗ ಡಿಪೋದವರು ರಜೆ ಕೊಡುವುದಿಲ್ಲ ಎಂದಿರಲೇ ಇಲ್ಲ. ಇವರು ಕೇಳಿರಲೇ ಇಲ್ಲ. ವಿಮಾನವೆಂದರೆ ಪೀರ್ ಪಾಷಾಗೆ ವಿಪರೀತ ಭಯ. ದಿನಕ್ಕೆ ಮುನ್ನೂರು ಬಸ್ ಬಿಡಿಸುವ ಗಂಡಸು ಹೆಂಡತಿಗೆ ಅದನ್ನು ಹೇಗೆ ಹೇಳುವುದು? ಎರಡು ವರ್ಷದ ಹಿಂದೆ ಇಲ್ಲಿಗೆ ಬರುವಾಗಲೂ ಎರಡು ನಿದ್ದೆ ಮಾತ್ರೆ ನುಂಗಿ, ದೋಹಾದಲ್ಲಿ ಎಬ್ಬಿಸಿದವರನ್ನು ಬೈದು ಬಂದಿದ್ದರು.

"ಅರಿಜೋನಾ ನೋಡಿ ಬಂದೆ ಅಂತ ಅವಳು ಹುಡುಗರಿಗೆ ಸುಳ್ಳು ಹೇಳೋ ಹಾಗೆ ಮಾಡಿದ್ದು ನಾನೇ" ಎಂದರು ಪೀರ್ ಪಾಷಾ.

ಬಸವಂತಪ್ಪ ಸಿಗ್ನಲ್ ಹಸಿರಾದರೂ ಒಂದು ಕ್ಷಣ ಕಾರು ಬಿಡಲಿಲ್ಲ. "ಇದಕ್ಕ ಪರಿಹಾರ ನರ್ಸರ್‍ಯಾಗ ಸಿಗಂಗಿಲ್ರಿ" ಎಂದಷ್ಟೇ ಹೇಳಿದರು.

ಸಿಕ್ಕಿದ್ದು ಕೆಂಪು ಸಾಲ್ವಿಯಾ. ಉದ್ದನೆಯ ಕಡ್ಡಿ, ಕೆಂಪು ಕೊಳವೆ ಹೂಗಳು, ಹತ್ತಡಿ ದೂರದಿಂದ ನೋಡಿದರೆ ಅದೇ ಗಿಡ ಎನ್ನಬಹುದು. ಇಬ್ಬರೂ ಜಲ್ಲಿ ತೋಡಿ ನೆಟ್ಟರು. ನೀರಾವರಿ ಎಂಜಿನಿಯರು ಅಭ್ಯಾಸಬಲದಿಂದ ಕೊಡ ಎತ್ತಿದ್ದನ್ನು ಪೀರ್ ಪಾಷಾ ಕೈಹಿಡಿದು ತಡೆದರು.

ಸಂಜೆ ಮೇಡಂ ಬಂದರು, ಹಿತ್ತಿಲಿಗೆ ಹೋದರು, ಗಿಡದ ಮುಂದೆ ಬಗ್ಗಿದರು. ಎರಡು ಬೆರಳಲ್ಲಿ ಕಾಂಡ ಹಿಡಿದು ಒಂದು ಸುತ್ತು ತಿರುಗಿಸಿದರು. ಎದ್ದು ಒಳಗೆ ಬಂದು ಈರುಳ್ಳಿ ಹೆಚ್ಚಲು ಕುಳಿತರು. ಕನ್ನಡವೂ ಇಲ್ಲ, ಉರ್ದುವೂ ಇಲ್ಲ. ಪೀರ್ ಪಾಷಾ ಅಂದು ಐದು ಸಲ ಅಡುಗೆಮನೆಗೆ ಹೋಗಿ ಐದು ಸಲ ನೀರು ಕುಡಿದು ಬಂದರು.

ಭಾನುವಾರ ಹನ್ನೊಂದಕ್ಕೆ ನಮ್ರತಾ ಬಂದಳು. ತಲೆಯಲ್ಲಿ ಅರ್ಧ ಬೆಳ್ಳಿಕೂದಲು ಬಂದ ಹೆಂಗಸು ಮೇಡಂ ಅವರನ್ನು ಕಂಡೊಡನೆ ಬೆಂಚಿನಿಂದೆದ್ದ ಹುಡುಗಿಯಂತೆ ನಿಂತಳು. ಸುದ್ದಿಯೆಲ್ಲ ಮುಗಿದ ಮೇಲೆ, "ಹೂವು ತೋರ್ಸಿ ಮೇಡಂ" ಎಂದಳು.

ಮೇಡಂ, ನಮ್ರತಾ, ಪೀರ್ ಪಾಷಾ ಮೂವರೂ ಜಲ್ಲಿಯ ಮುಂದೆ ಸಾಲಾಗಿ ನಿಂತರು. ಸಾಲ್ವಿಯಾ ಬಿಸಿಲಿನಲ್ಲಿ ಯಾವ ನಾಚಿಕೆಯೂ ಇಲ್ಲದೆ ನಿಂತಿತ್ತು.

"ಚೆನ್ನಾಗಿ ಬಂದಿದೆ ಮೇಡಂ" ಎಂದಳು ನಮ್ರತಾ.

"ಹೂಂ" ಎಂದರು ಮೇಡಂ.

"ತುಂಬ ಕಷ್ಟಪಟ್ಟು ಬೆಳೆಸಿದ್ದಾಳೆ. ಪ್ಯೂರ್ ಅರಿಜೋನಾ" ಎಂದರು ಪೀರ್ ಪಾಷಾ. ಅದನ್ನು ಅವರು ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಬೇಲಿಯ ಮೇಲಿಂದ ಹೆಬ್ಬೆರಳು ಗಾತ್ರದ ಹಸಿರು ಹಕ್ಕಿಯೊಂದು ಬಂದು, ಗಾಳಿಯಲ್ಲೇ ನಿಂತು, ಒಂದೊಂದೇ ಹೂವಿಗೆ ಕೊಕ್ಕಿಟ್ಟು ಕುಡಿಯಿತು. ಅದು ಯಾರನ್ನೂ ಏನನ್ನೂ ಕೇಳಲಿಲ್ಲ. ಕುಡಿದು ಹೊರಟುಹೋಯಿತು. ಬೇಕಾಗಿದ್ದದ್ದು ನಡೆದುಹೋಗಿತ್ತು, ಮೇಡಂ ಸುಮ್ಮನಿದ್ದಿದ್ದರೆ ಮಾನವೂ ಉಳಿಯುತ್ತಿತ್ತು, ಬಿರಿಯಾನಿಯೂ ಬಿಸಿಯಾಗಿರುತ್ತಿತ್ತು.

"ನಮ್ರತಾ, ಇದು ಪೆನ್‌ಸ್ಟೆಮನ್ ಅಲ್ಲ" ಎಂದರು ಮೇಡಂ.

"ಗೊತ್ತು ಮೇಡಂ. ಕಾಂಡ ಚೌಕ ಇದೆ. ಪೆನ್‌ಸ್ಟೆಮನ್‌ದು ದುಂಡಗಿರತ್ತೆ. ನೀವೇ ಹೇಳಿಕೊಟ್ಟಿದ್ದು."

"ಇನ್ನೊಂದು ವಿಷಯ. ನಾನು ಅರಿಜೋನಾಗೆ ಹೋಗಿರ್ಲಿಲ್ಲ. ಬಂಡೆ ಇಲ್ಲ, ಮೋಡ ಇಲ್ಲ. ಎಲ್ಲಾ ಸುಳ್ಳು. ನಿನ್ನನ್ನ ಈ ಸಬ್ಜೆಕ್ಟಿಗೆ ತಂದಿದ್ದೇ ಒಂದು ಸುಳ್ಳು. ಕ್ಷಮಿಸು ಅಂತ ಕೇಳೋಕೂ ಮುಖ ಇಲ್ಲ." ಆ ಗಂಟಲಿನಿಂದ ಕ್ಷಮೆಯ ಮಾತು ಬಂದದ್ದನ್ನು ಪೀರ್ ಪಾಷಾ ಎಂದೂ ಕೇಳಿರಲಿಲ್ಲ.

ನಮ್ರತಾ ಬಗ್ಗಿ ಒಂದು ಜಲ್ಲಿಕಲ್ಲು ಎತ್ತಿಕೊಂಡು ಕೈಯಲ್ಲಿ ಆಡಿಸಿದಳು. "ಎರಡು ಸಾವಿರದ ಒಂಬತ್ತರಲ್ಲಿ ನಾನು ಅಲ್ಲಿಗೆ ಹೋಗಿದ್ದೆ ಮೇಡಂ. ನಿಮ್ಮ ಬಂಡೆ ಹುಡುಕ್ಕೊಂಡು ಮೂರು ದಿನ ಅಲೆದೆ. ಹಕ್ಕಿ ಕೋಗಿಲೆ ತರ ಹಾಡಿ ಆಮೇಲೆ ಕುಡಿಯತ್ತೆ ಅಂದಿದ್ರಿ. ನಾನು ನೋಡಿದ್ದು ಹಳೇ ಟೇಬಲ್ ಫ್ಯಾನ್ ತರ ಗುಂಯ್ ಅಂತಿತ್ತು. ಆವಾಗಲೇ ಗೊತ್ತಾಯ್ತು. ಪಾಪ, ನಮ್ಮ ಕ್ಲಾಸಿನ ಅಣ್ಣಾಸಾಹೇಬ ಯೂನಿವರ್ಸಿಟಿ ಪರೀಕ್ಷೆಯಲ್ಲಿ 'ಹಕ್ಕಿಯು ಮೊದಲು ಹಾಡುತ್ತದೆ' ಅಂತ ಬರೆದು ಎರಡು ಮಾರ್ಕ್ಸ್ ಕಳ್ಕೊಂಡಿದ್ದ."

"ಗೊತ್ತಿದ್ದೂ ಯಾಕೆ ಕೇಳ್ಲಿಲ್ಲ?"

"ಬೇಜಾರೇ ಆಗ್ಲಿಲ್ಲ ಮೇಡಂ. ನೀವು ಕಥೆ ಹೇಳುವಾಗ ನಿಮ್ಮ ಮುಖ ನೆನಪಿತ್ತು. ನಾನೂ ಈಗ ಎಷ್ಟೋ ಜಾಗ ನೋಡಿದ್ದೀನಿ, ಕ್ಲಾಸಲ್ಲಿ ಹೇಳ್ತೀನಿ. ಹೋಗಿ ಬಂದವರಿಗೆ ಅಷ್ಟು ಆಸೆಯಿಂದ ಹೇಳೋಕಾಗಲ್ಲ."

ಆ ಮಾತು ಮೇಡಂಗಿಂತ ಮೊದಲು ಪೀರ್ ಪಾಷಾಗೆ ತಾಗಿತು. ವರ್ಷವರ್ಷವೂ ಎಂಬತ್ತೆಂಬತ್ತು ಹುಡುಗರ ಮುಂದೆ ಆ ಆಸೆ ನಿಂತಿತ್ತು. ಮನೆಗೆ ಬಂದಾಗ ಮಾತ್ರ ಮೇಡಂ ಅದನ್ನು ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟು ಬರುತ್ತಿದ್ದರು. ತಾವು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

"ಗಿಡ ಕೊಂದಿದ್ದು ನಾನು. ವುಜೂ ನೀರು" ಎಂದರು.

"ಗೊತ್ತು. ಹೇರ್ ಡ್ರೈಯರ್ ತುಂಬ ಜಲ್ಲಿ ಧೂಳು ಅಂತ ವಜೀಹಾ ಹೇಳಿದ್ಲು. ಸಾಲ್ವಿಯಾ ತಂದಿದ್ದೂ ನೀವೇ" ಎಂದರು ಮೇಡಂ.

"ಅದಲ್ಲ. ತೊಂಬತ್ತೇಳರಲ್ಲಿ ನಾನು ರಜೆಗೆ ಅರ್ಜಿನೇ ಹಾಕಿರ್ಲಿಲ್ಲ. ಪ್ಲೇನ್ ಅಂದ್ರೆ ಭಯ ಇತ್ತು. ಇವತ್ತೂ ಇದೆ."

ನಮ್ರತಾ ಕಲ್ಲನ್ನು ಅದರ ಜಾಗಕ್ಕೇ ಇಟ್ಟಳು. ಮೇಡಂ ಗಂಡನನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆಂದು ಪೀರ್ ಪಾಷಾ ತಲೆತಗ್ಗಿಸಿ ಕಾದರು. ಬೈದರೆ ಸಾಕಪ್ಪಾ ಎಂದುಕೊಂಡರು. ಮೇಡಂ ಒಳಗೆ ಹೋಗಿ ಲೈಬಾಳ ನೋಟ್‌ಬುಕ್ಕಿನಿಂದ ಒಂದು ಹಾಳೆ, ಒಂದು ಪೆನ್ನು ತಂದು ಹಿತ್ತಿಲ ಟೇಬಲ್ಲಿನ ಮೇಲೆ ಇಟ್ಟರು.

"ಬರೀರಿ" ಎಂದರು. ಕನ್ನಡದಲ್ಲಿ.

"ಏನು?"

"ಅರ್ಜಿ."

ಅರವತ್ತೈದರ ಪೀರ್ ಪಾಷಾ ಕುಳಿತು ಬರೆದರು. ಗೆ, ಶ್ರೀಮತಿ ಸಾಬಿರಾ ಅವರಿಗೆ. ಮಾನ್ಯರೇ, ವಿಷಯ: ರಜೆ ಕೋರಿ. ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಹೆಂಡತಿಗೆ ಒಂದು ಹೂವು ತೋರಿಸುವುದು ಬಾಕಿ ಇರುವುದರಿಂದ ನನಗೆ ಒಂದು ವಾರದ ರಜೆ ದಯಪಾಲಿಸಬೇಕಾಗಿ ಪ್ರಾರ್ಥನೆ. ಮೂವತ್ತು ವರ್ಷ ಬೇರೆಯವರ ಅರ್ಜಿ ಓದಿ ಬಾಯಿಪಾಠವಾಗಿದ್ದ ಒಕ್ಕಣೆ ಕೈಗೆ ತಾನಾಗಿ ಬಂತು. ಆದರೆ ಯಾವ ದಿನಾಂಕದಿಂದ ಎನ್ನುವಲ್ಲಿ ಪೆನ್ನು ನಿಂತಿತು. ಮುಂದಿನ ವರ್ಷ ಎಂದು ಬರೆಯಲು ಅವರಿಗೆ ಬಹಳ ಮನಸ್ಸಿತ್ತು.

"ಎತ್ತರದಲ್ಲಿ ಈ ತಿಂಗಳ ಕೊನೆವರೆಗೂ ಹೂವು ಇರತ್ತೆ ಅಂಕಲ್. ನಾನು ದಾರಿ ತೋರಿಸ್ತೀನಿ" ಎಂದಳು ನಮ್ರತಾ.

"ಕಾರಲ್ಲಿ ಹೋಗಕ್ಕಾಗಲ್ವಾ?"

"ಎರಡು ಸಾವಿರ ಮೈಲಿ ಮೇಲೆ ಅಂಕಲ್."

ಪೀರ್ ಪಾಷಾ ಮೇಲೆ ಆಕಾಶ ನೋಡಿದರು. ರಾಲಿಯ ಏರ್‌ಪೋರ್ಟಿನಿಂದೆದ್ದ ವಿಮಾನವೊಂದು ಮರಗಳ ತಲೆ ದಾಟುತ್ತಿತ್ತು. ಅದು ಮರೆಯಾಗುವವರೆಗೂ ಕಾದು, ಅವರು ಕೆಳಗೆ ಬಗ್ಗಿ, ಜೂನ್ ಇಪ್ಪತ್ತನೇ ತಾರೀಖಿನಿಂದ ಎಂದು ಬರೆದು, ಅದರ ಪಕ್ಕದಲ್ಲಿ ವಿಮಾನದ ಮೂಲಕ ಎಂದೂ ಸೇರಿಸಿ, ಕೆಳಗೆ ತಮ್ಮ ವಿಶ್ವಾಸಿ ಎಂದು ಸಹಿ ಹಾಕಿದರು.

ಮೇಡಂ ಹಾಳೆ ತೆಗೆದುಕೊಂಡು ಕನ್ನಡಕ ಏರಿಸಿ ಓದಿದರು. ಒಮ್ಮೆ ಓದಿ ಮತ್ತೊಮ್ಮೆ ಓದಿದರು. 'ಹೆಂಡತಿಗೆ ಒಂದು ಹೂವು' ಎಂಬಲ್ಲಿ ಸ್ವಲ್ಪ ಹೊತ್ತು ನಿಂತರು. ಮೂಗೊರೆಸಿಕೊಂಡು, ಪೆನ್ನು ತೆಗೆದುಕೊಂಡು, ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ 'ಮಂಜೂರು' ಎಂದು ಬರೆದರು.